ಹನ್ನೊಂದು ಒಂದುಗಳ ಸಾಲನ್ನು ಒಡೆದವಳು

ಬಹಳ ಹಿಂದೆ, ಇಸವಿ ಬರೆದಿಡುವವರಿಲ್ಲದ ಕಾಲದಲ್ಲಿ, ಒಂದು ಕೋಟೆಯ ಕೆಳಗೆ ನೇಕಾರರದೇ ಒಂದು ಊರಿತ್ತಂತೆ. ಅಲ್ಲಿ ಹಾಲವ್ವ ಅಂತ ಒಬ್ಬಳಿದ್ದಳಂತೆ. ಅಕ್ಷರ ಬಾರದು, ಅಂಕಿ ಮಾತ್ರ ಬರುತ್ತಿತ್ತು. ಎಷ್ಟೆಷ್ಟರ ಕಟ್ಟು ಮಾಡಿದರೆ ಎಳೆ ಮಿಗುವುದಿಲ್ಲ ಎಂದು ಅವಳನ್ನು ಕೇಳಿಯೇ ಊರವರು ಮಗ್ಗ ಹೂಡುತ್ತಿದ್ದರಂತೆ.

ಕೋಟೆಯ ದಾಸಣ್ಣ ನಾಯಕ ತನ್ನ ರಾಣಿಗೆ ಹೊಸ ಅಂಚಿನ ಸೀರೆ ನೇಯಿಸಲು ಆ ಊರಿನ ಹನ್ನೊಂದು ಗಂಡಸರನ್ನು ಕರೆಸಿದ. ಸೀರೆ ಮುಗಿಯಿತು. ಆ ಅಂಚು ಇನ್ಯಾರ ಮೈಮೇಲೂ ಬರಬಾರದೆಂದು ನೇಕಾರರನ್ನೇ ಒಳಗೆ ಕೂಡಿಹಾಕಿದ. ಅವರಲ್ಲಿ ಹಾಲವ್ವನ ಗಂಡ ಈರಬಸಪ್ಪನೂ ಇದ್ದ.

ಹೆಂಗಸರು ಹೋಗಿ ಬೇಡಿಕೊಂಡರು. ಇವರು ಮತ್ತೆ ಬಾರದಂಥ ಷರತ್ತೊಂದು ಹಾಕು ಎಂದು ನಾಯಕ ತನ್ನ ಜೋಯಿಸನಿಗೆ ಹೇಳಿದನಂತೆ. ಜೋಯಿಸ ಬಾಗಿಲ ಬಂಡೆಯ ಮೇಲೆ, ಆಳಿಗೊಂದರಂತೆ, ಹನ್ನೊಂದು ಒಂದುಗಳನ್ನು ಸಾಲಾಗಿ ಕೆತ್ತಿಸಿದ. ಒಂದೇ ಸಂಖ್ಯೆಯಾಗಿ ಓದಿದರೆ ಸಾವಿರದ ನೂರ ಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರ ಹನ್ನೊಂದು. ಒಂದನ್ನೂ ಈ ಸಂಖ್ಯೆಯನ್ನೂ ಬಿಟ್ಟು, ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ತಂದರೆ ಬಾಗಿಲು ತೆರೆಯುತ್ತದೆ ಎಂದು ಸಾರಿಸಿದ. ಅಂಥದ್ದು ಇಲ್ಲವೇ ಇಲ್ಲ ಎಂದು ನಾಯಕನ ಕಿವಿಯಲ್ಲಿ ಹೇಳಿದನಂತೆ.

ಉಳಿದವರು ಅತ್ತು ಮನೆ ಸೇರಿದರು. ಹಾಲವ್ವ ಅಂಗಳದಲ್ಲಿ ಮರಳು ಹರಡಿ ಕೂತಳು. ಮೂರರಿಂದ ಭಾಗಿಸಿದಳು, ಎರಡು ಉಳಿಯಿತು. ಏಳರಿಂದ ಭಾಗಿಸಿದಳು, ಮತ್ತೆ ಎರಡೇ ಉಳಿಯಿತು. ಹನ್ನೊಂದರಿಂದ ಭಾಗಿಸಿದಳು, ಒಂದು ಉಳಿಯಿತು. ಮಗ್ಗಕ್ಕೆ ಕೂರುವ ಮೊದಲು ದಿನಕ್ಕೊಂದು ಭಾಗಾಕಾರ. ಮರಳು ಸವರುವಳು, ಮತ್ತೆ ಬರೆಯುವಳು. ಹಾಗೇ ಒಂಬತ್ತು ವರ್ಷ ಕಳೆಯಿತಂತೆ. ಮೂರು ಸಾವಿರ ದಾಟಿದಳಂತೆ.

ಒಂದು ಬೆಳಿಗ್ಗೆ ಅವಳಿಗೆ ಚಿಕ್ಕ ಸಾಲುಗಳನ್ನು ಒಡೆದು ನೋಡುವ ಮನಸ್ಸಾಯಿತು. ಐದು ಒಂದುಗಳ ಸಾಲು ನಲವತ್ತೊಂದಕ್ಕೆ ಒಡೆಯಿತು, ಇನ್ನೂರ ಎಪ್ಪತ್ತೊಂದಕ್ಕೂ ಒಡೆಯಿತು. ಅವೆರಡರಲ್ಲೂ ಒಂದು ತೆಗೆದರೆ ಉಳಿದದ್ದು ಐದೈದರ ಕಟ್ಟಾಗುತ್ತದೆ. ಏಳರ ಸಾಲು ಇನ್ನೂರ ಮೂವತ್ತೊಂಬತ್ತಕ್ಕೆ ಒಡೆಯಿತು. ಅದರಲ್ಲಿ ಒಂದು ತೆಗೆದರೆ ಏಳೇಳರ ಕಟ್ಟು. ಹಾಗಾದರೆ ಹನ್ನೊಂದರ ಸಾಲನ್ನು ಒಡೆಯುವ ಸಂಖ್ಯೆಯಲ್ಲೂ ಒಂದು ತೆಗೆದರೆ ಹನ್ನೊಂದರ ಕಟ್ಟಾಗಬೇಕು. ಒಡೆಯುವ ಸಂಖ್ಯೆ ಬೆಸವೇ ಆದ್ದರಿಂದ ಇಪ್ಪತ್ತೆರಡರ ಕಟ್ಟೇ ಆಗಬೇಕು. ಇಪ್ಪತ್ತೆರಡು ಸಂಖ್ಯೆಗಳಲ್ಲಿ ಒಂದನ್ನು ನೋಡಿದರೆ ಸಾಕು. ಇಷ್ಟು ತಿಳಿಯಲು ಒಂಬತ್ತು ವರ್ಷ ಹೋಯಿತಲ್ಲ ಎಂದು ಆ ದಿನ ಅವಳು ಮೊದಲ ಸಲ ಅತ್ತಳಂತೆ.

ಬಿಟ್ಟಲ್ಲಿಂದ ಇಪ್ಪತ್ತೆರಡಿಪ್ಪತ್ತೆರಡು ಹೆಜ್ಜೆ ಹಾರುತ್ತಾ ಹೋದಳು. ಮೂರನೆಯ ವರ್ಷ, ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತಕ್ಕೆ ಬಂದಾಗ ಏನೂ ಉಳಿಯಲಿಲ್ಲ. ನಂಬಿಕೆಯಾಗದೆ ಮೂರು ಸಲ ಭಾಗಿಸಿದಳಂತೆ. ಆಮೇಲೆ ಕೈ ತೊಳೆದು ಕೋಟೆ ಹತ್ತಿದಳು.

ನಾಯಕನ ಮುಂದೆ ಜೋಯಿಸನೇ ಲೆಕ್ಕ ಮಾಡಿದ. ಭಾಗಲಬ್ಧ ಐದು ಲಕ್ಷ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು ಬಂತು. ಅವನು ಬಳಪ ಕೆಳಗಿಟ್ಟು ತಲೆ ತಗ್ಗಿಸಿದ.

“ಪ್ರಭು, ಶೇಷವಿಲ್ಲ. ನಾನು ಸಾವಿರದವರೆಗೆ ನೋಡಿ ನಿಲ್ಲಿಸಿದ್ದೆ. ಈ ತಾಯಿ ನಿಲ್ಲಿಸಲಿಲ್ಲ.”

ನಾಯಕ ಮಾತಿಗೆ ತಪ್ಪಲಿಲ್ಲವಂತೆ. ಬಾಗಿಲು ತೆರೆಯಿತು. ಹನ್ನೊಂದು ಜನರಲ್ಲಿ ಗಡ್ಡ ನೆರೆತ ಎಂಟೇ ಜನ ಹೊರಬಂದರು. ಹಾಲವ್ವ ಒಂಬತ್ತನೆಯವನಿಗಾಗಿ ನೋಡುತ್ತಾ ನಿಂತಳು. ಎಂಟು ಜನರಲ್ಲಿ ಹಿರಿಯ, ಸಣ್ಣೀರಪ್ಪ ಎಂಬುವನು, ಹತ್ತಿರ ಬಂದ.

“ತಂಗೀ, ಈರಬಸಪ್ಪ ನಾಲ್ಕನೇ ವರ್ಷಕ್ಕೇ ಹೋಗಿಬಿಟ್ಟ. ಹೇಳಿಕಳಿಸೋಕೆ ನಮಗೆ ಬಿಡಲಿಲ್ಲ.”

ಅವಳು ಆ ಎಂಟು ಜನರನ್ನು ನೋಡಿ, “ಹಸಿದಿದ್ದೀರಿ, ನಡೀರಿ” ಎಂದು ತಾನೇ ಮುಂದಾಗಿ ಇಳಿದಳಂತೆ.

ಆ ಸೀಮೆಯಲ್ಲಿ ಇವತ್ತಿಗೂ ಮಕ್ಕಳು ಭಾಗಾಕಾರ ಮಾಡಿ ಶೇಷ ಸೊನ್ನೆ ಬಂದರೆ, ಅದರ ಪಕ್ಕದಲ್ಲಿ ‘ಹಾ’ ಎಂದು ಒಂದಕ್ಷರ ಬರೆಯುತ್ತಾರೆ. ಮೇಷ್ಟ್ರು ಅದನ್ನು ತಿದ್ದುವುದಿಲ್ಲ.