ತುಳಜವ್ವ ಪೋಣಿಸಿದ ಇಪ್ಪತ್ತೊಂದು ಪುತಳಿ

ತುಳಜವ್ವನಿಗೆ ಒಂದು ಚಾಳಿ ಇತ್ತಂತೆ. ಗಂಟು ಹಾಕುವಾಗ ಉಸಿರು ಬಿಡುತ್ತಿರಲಿಲ್ಲ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಹೆಬ್ಬೆರಳಿಗೆ ಸುತ್ತಿ, ಎಳೆದು, ಗಂಟು ಸರಿಯಾಗಿ ಕೂತ ಮೇಲೇ ‘ಹೂಂ’ ಅಂತ ಉಸಿರು ಬಿಡುವುದು. ಎದುರು ಕೂತವರೂ ತಮಗೇ ಗೊತ್ತಿಲ್ಲದೆ ಉಸಿರು ಹಿಡಿದಿರುತ್ತಿದ್ದರು ಅಂತಾರೆ.

ಯಾವ ಕಾಲ ಅಂತ ಕೇಳಬೇಡಿ. ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಅದು ಹಳೇ ಮಾತೇ. ಹೊಳೆದಂಡೆಯ ಒಂದೂರು, ಆ ಊರಲ್ಲಿ ಪಟವೇಗಾರರ ಒಂದೇ ಮನೆ. ಸರ ಪೋಣಿಸುವುದು, ದಾರ ಸವೆದರೆ ಬದಲಿಸುವುದು ಅವರ ಕಸುಬು. ತುಳಜವ್ವನ ಗಂಡ ದೂರದ ಸಂತೆಗಳಿಗೆ ದಾರ, ಗೊಂಡೆ ಮಾರಲು ಹೋದವನು ಎಷ್ಟೋ ಮಳೆಗಾಲ ಕಳೆದರೂ ತಿರುಗಿ ಬಂದಿರಲಿಲ್ಲ. ಬರುತ್ತಾನೆ ಅಂತ ಆಕೆ ಅನ್ನುತ್ತಿದ್ದಳು. ಊರು ಸುಮ್ಮನೆ ಕೇಳಿಸಿಕೊಳ್ಳುತ್ತಿತ್ತು.

ಆಗಿನ ಹೆಂಗಸರು ಕೂಡಿಟ್ಟಿದ್ದೆಲ್ಲ ಪುತಳಿಯಲ್ಲಿ. ಪುತಳಿ ಅಂದರೆ ಬೊಂಬೆಯ ಅಚ್ಚಿರುವ ಚಿನ್ನದ ನಾಣ್ಯ. ಬೆಣ್ಣೆ ಮಾರಿ, ಹತ್ತಿ ಬಿಡಿಸಿ, ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಕೊಳ್ಳುವುದು, ಅದಕ್ಕೊಂದು ಕೊಂಡಿ ಹಾಕಿಸುವುದು, ಕೊರಳ ದಾರಕ್ಕೆ ಸೇರಿಸುವುದು. ಮೆರೆಯಲಿಕ್ಕಲ್ಲ. ಸೆರಗಿನ ಒಳಗೆ, ಯಾರಿಗೂ ಕಾಣದ ಹಾಗೆ. ಜೋಳವಾದರೆ ಹುಳ ಬೀಳಬಹುದು, ಎಮ್ಮೆಯಾದರೆ ಸಾಯಬಹುದು, ಪುತಳಿ ಮಾತ್ರ ಎದೆಯ ಮೇಲೆ ಹಾಗೇ ಇರುತ್ತದೆ ಅನ್ನುವುದು ಅವರ ಧೈರ್ಯ. ಆ ಊರಲ್ಲಿ ಒಂದು ಕಟ್ಟಳೆಯೂ ಇತ್ತು. ದಾರದಲ್ಲಿದ್ದ ಪುತಳಿ ಹೆಂಗಸಿನದು. ಬಿಡಿ ಪುತಳಿ ಮನೆಯ ಯಜಮಾನನದು. ಯಾರು ಮಾಡಿದ ಕಟ್ಟಳೆಯೋ, ಗಂಡಸರೇ ಇರಬೇಕು.

ರಾಚವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಒಂದು ಹೆಣ್ಣು ಕೂಸು, ಇಪ್ಪತ್ತೊಂದು ಪುತಳಿ, ಅಷ್ಟೇ ಅವಳ ಬದುಕು. ಇದ್ದದ್ದು ಭಾವ ಬಸಗೊಂಡನ ಮನೆಯಲ್ಲಿ. ಪುತಳಿ ಅವನ ಕೈಸೇರಿದ ದಿನವೇ ತಾಯಿ ಮಗಳು ಬೀದಿಗೆ ಬೀಳುತ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಆ ವರ್ಷ ಪೇಟೆಯಲ್ಲಿ ಪುತಳಿಯ ಬೆಲೆ ಏರಿತು. ಬಸಗೊಂಡ ಉಣ್ಣುವಾಗಲೂ ಅವಳ ಕೊರಳನ್ನೇ ನೋಡತೊಡಗಿದ ಅಂತಾರೆ.

ಬೆವರಿಗೆ ದಾರ ಕೊಳೆಯುತ್ತದೆ. ಪಂಚಮಿಗೆ ಮೊದಲು ಬದಲಿಸುವುದು ರೂಢಿ. ಒಂದು ಮಧ್ಯಾಹ್ನ ರಾಚವ್ವ ಬಂದು ತುಳಜವ್ವನ ಕಟ್ಟೆಯ ಮೇಲೆ ಕೂತಳು. ತುಳಜವ್ವ ಅವತ್ತು ಖುಷಿಯಲ್ಲಿದ್ದಳಂತೆ. ಬೆಳಗ್ಗೆ ಯಾವನೋ ಪರವೂರಿನವನು ಬಂದು, ಮದುವೆಮನೆಗೆ ಬೇಕು ಅಂತ ಹೇಳಿ, ಕೇಳಿದ ಬೆಲೆ ಕೊಟ್ಟು ದಾರವನ್ನೆಲ್ಲ ಒಯ್ದಿದ್ದ. ರಾಚವ್ವನಿಗೆಂದು ಗೂಟಕ್ಕೆ ತೂಗುಹಾಕಿದ್ದ ಒಂದು ಲಡಿಯನ್ನು ಮಾತ್ರ ಆಕೆ ಮಾರಿರಲಿಲ್ಲ. ಮೊದಲು ದಾರ ಕೈಗೆ ತಗೋಬೇಕು, ಆಮೇಲೆ ಕತ್ತರಿ ಅಂತ ಎಲ್ಲರಿಗೂ ಹೇಳುವಾಕೆ, ಅವತ್ತು ಮಾತಿನ ಭರದಲ್ಲಿ ಮೊದಲು ಕತ್ತರಿ ಹಾಕಿದಳು. ಇಪ್ಪತ್ತೊಂದು ಪುತಳಿ ಬಟ್ಟೆಯ ಮೇಲೆ ಬಿದ್ದವು. ಗೂಟದ ಕಡೆ ಕೈ ಚಾಚಿದಳು. ಗೂಟ ಖಾಲಿ. ಆಕೆ ಒಳಗೆ ಹೋದ ಹೊತ್ತು ನೋಡಿ ಆ ಪರವೂರಿನವನು ಅದನ್ನೂ ಎತ್ತಿಕೊಂಡು ಹೋಗಿದ್ದ.

ಅವನನ್ನು ಕಳಿಸಿದ್ದು ಯಾರು ಅಂತ ಕೇಳುವ ಮೊದಲೇ ಬಸಗೊಂಡ ಬಂದ. ಊರಗೌಡನನ್ನೂ ಕರೆದುಕೊಂಡೇ ಬಂದಿದ್ದ.

“ನೋಡ್ರಿ ಗೌಡ್ರ, ದಾರ ಎಲ್ಲೈತಿ? ಎಲ್ಲಾ ಬಿಡಿ ಬಿದ್ದಾವು.”

ರಾಚವ್ವ ಗೌಡನ ಕಾಲಿಗೆ ಬಿದ್ದಳು. ಗೌಡ ಕೆಟ್ಟವನಲ್ಲ. ಆದರೆ ಕಟ್ಟಳೆ ಬಿಟ್ಟರೆ ತನ್ನ ಗೌಡಕಿಯಲ್ಲಿ ಏನು ಉಳಿಯಿತು ಅನ್ನುವಂಥವನು. ಎಲೆ ಮಡಚಿ ಬಾಯಿಗಿಟ್ಟುಕೊಂಡು ಕಟ್ಟೆಯ ಮೇಲೆ ಕೂತ. “ಈ ಎಲಿ ಉಗುಳೂತನಕ ಕಾಯತೀನಿ. ಅಷ್ಟರಾಗ ದಾರಕ್ಕೇರಿ ಕೊಳ್ಳಾಗ ಬಿದ್ರ ಅಕೀವು. ಇಲ್ಲಾಂದ್ರ ಬಸಗೊಂಡನವು.”

ಬೀದಿಯ ಜನ ಕೂಡಿದರು. ಕತ್ತರಿಸಿದ ಹಳೇ ದಾರ ಕೊಳೆತು ಗಂಟಿಗೆ ನಿಲ್ಲುವಂತಿರಲಿಲ್ಲ. ಒಬ್ಬಳು ಓಡಿಹೋಗಿ ಹುರಿ ತಂದಳು. ಕೊಂಡಿಯ ಕಣ್ಣಿಗೆ ಅದು ಹೋಗಲಿಲ್ಲ. ಇನ್ನೊಬ್ಬಳು ಕೌದಿ ಹೊಲಿಯುವ ನೂಲು ತಂದಳು. ತುಳಜವ್ವ ಪೋಣಿಸಿದಳು, ಎತ್ತಿದಳು. ಪಟ್ ಅಂತ ಹರಿದು ಪುತಳಿಗಳು ಕಟ್ಟೆಯಿಂದ ಬೀದಿಗೆ ಉರುಳಿದವು. ಹೆಂಗಸರು ಮಣ್ಣಲ್ಲಿ ಕೈಯಾಡಿಸಿ ಒಂದೊಂದೇ ಆರಿಸಿ ಕೊಟ್ಟರು. ಗೌಡನ ದವಡೆ ಆಡುತ್ತಲೇ ಇತ್ತು.

“ಯಾಕ ತುಳಜವ್ವ, ಪಟವೇಗಾರರ ಮನ್ಯಾಗ ದಾರಕ್ಕ ಬರ ಬಂತೇನು?” ಅಂದ ಬಸಗೊಂಡ. “ನಿನ್ನ ಗಂಡ ಬರೂವಾಗ ತರತಾನ ತಗೋ, ಕಾಯೂಣು!”

ಒಬ್ಬಿಬ್ಬರು ನಕ್ಕರು.

ಆಗ ತುಳಜವ್ವನ ಕೈ ತನ್ನ ಕೊರಳಿಗೆ ಹೋಯಿತು ಅಂತಾರೆ. ತಾಳಿಯ ದಾರ. ತಾನೇ ಹೊಸೆದ ಆರೆಳೆಯ ರೇಷ್ಮೆ. ಗಂಡ ಬದುಕಿದ್ದಾನೆ ಅನ್ನುವುದಕ್ಕೆ ಊರಿಗೆ ತೋರಿಸಲು ಆಕೆಯ ಹತ್ತಿರ ಇದ್ದದ್ದು ಅದೊಂದೇ. ಅದನ್ನು ಬಿಚ್ಚಿದರೆ, ಅವನಿಲ್ಲ ಅಂತ ತನ್ನ ಬಾಯಿಂದಲೇ ಸಾರಿದ ಹಾಗೆ. ರಾಚವ್ವನಿಗೆ ಅರ್ಥವಾಯಿತು.

“ಬ್ಯಾಡವ್ವಾ,” ಅಂದಳು. “ಹೋದ್ರ ಹೋಗಲಿ.”

“ಸುಮ್ನ ಕುಂದರ ತಂಗಿ.”

ತಾಳಿಯನ್ನೂ ಕರಿಮಣಿಯನ್ನೂ ಉಡಿಗೆ ಸುರಿದುಕೊಂಡಳು. ಬರಿ ದಾರ ಕೈಯಲ್ಲಿ. ಒಂದು ಪುತಳಿ ಪೋಣಿಸಿದಳು, ಇನ್ನೊಂದು, ಮತ್ತೊಂದು. ಯಾರೂ ನಗಲಿಲ್ಲ. ಗೌಡನ ಕೆನ್ನೆ ಉಬ್ಬಿತು. ಬಸಗೊಂಡ ಅವನ ಬಾಯಿಯನ್ನೇ ನೋಡುತ್ತ, ಉಗುಳ್ರಿ ಗೌಡ್ರ, ಉಗುಳ್ರಿ ಅಂತ ಅವಸರ ಮಾಡಿದ. ಗೌಡ ಬೀದಿಯ ಕಡೆ ಮುಖ ತಿರುಗಿಸಿದ. ಕೊನೆಯ ಪುತಳಿ ಆಕೆಯ ಬೆವರಿದ ಬೆರಳಿಂದ ಎರಡು ಸಲ ಜಾರಿತು.

ಗೌಡ ಉಗುಳಲೇ ಇಲ್ಲ ಅಂತಾರೆ. ಎಲೆ, ರಸ ಎಲ್ಲ ನುಂಗಿಬಿಟ್ಟನಂತೆ. ಗಾಬರಿಗೆ ನುಂಗಿದ ಅಂತ ಕೆಲವರು, ಬೇಕಂತಲೇ ನುಂಗಿದ ಅಂತ ಕೆಲವರು. ಅವನು ಕೆಮ್ಮಿ ಕೆಮ್ಮಿ ತಿರುಗಿ ನೋಡುವಷ್ಟರಲ್ಲಿ ಸರ ರಾಚವ್ವನ ಕೊರಳಲ್ಲಿತ್ತು.

“ದಾರದಾಗ ಅದಾವು,” ಅಂದ. “ನಡಿಯೋ ಬಸಗೊಂಡ.”

ಆ ಪುತಳಿಗಳಲ್ಲಿ ಒಂದನ್ನೂ ರಾಚವ್ವ ಸುಮ್ಮನೆ ಕಳೆಯಲಿಲ್ಲ. ಮಗಳು ಬೆಳೆದು ಕೈಗೆ ಬರುವ ತನಕ ತಾಯಿ ಮಗಳನ್ನು ಯಾರೂ ಹೊರಗೆ ಹಾಕಲಿಲ್ಲ. ತುಳಜವ್ವನ ಕೊರಳು ಮಾತ್ರ ಬರಿದಾಗೇ ಉಳಿಯಿತು. ಊರೆದುರು ಬಿಚ್ಚಿದ ತಾಳಿಯನ್ನು ಇನ್ನು ಗಂಡ ಬಂದು ಕಟ್ಟಿದರೇ ಸರಿ ಅಂದಳಂತೆ. ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದವರು ಕರೆಯುವುದನ್ನು ಬಿಟ್ಟರು, ಅವತ್ತು ಮಣ್ಣಲ್ಲಿ ಪುತಳಿ ಆರಿಸಿಕೊಟ್ಟವರೂ. ಗಂಡ ಒಮ್ಮೆ ಆಚೆ ದಂಡೆಯ ತನಕ ಬಂದಿದ್ದ, ಹೆಂಡತಿ ತಾಳಿ ಬಿಚ್ಚಿದ ವಿಷಯ ಯಾರೋ ಹೇಳಿದರು, ಹಾಗೇ ತಿರುಗಿ ಹೋದ ಅಂತಾರೆ. ಅವನು ಯಾವತ್ತೋ ಸತ್ತಿದ್ದ ಅಂತಲೂ ಅಂತಾರೆ. ಕಂಡವರು ಯಾರಿದ್ದಾರೆ?

ಪ್ರತಿ ಪಂಚಮಿಗೆ ರಾಚವ್ವ ಹೊಸ ದಾರದ ಲಡಿ ಹಿಡಿದುಕೊಂಡು ಬರುತ್ತಿದ್ದಳು. ನನಗೆ ಇದನ್ನು ಹಾಕು, ನಿನ್ನದನ್ನು ನೀನು ತಿರುಗಿ ಕಟ್ಟಿಕೋ ಅಂತ ಕೇಳುತ್ತಿದ್ದಳು. ತುಳಜವ್ವ ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತುತ್ತಿರಲಿಲ್ಲ.

ಈಗ ಆ ಮನೆ ಇಲ್ಲ, ಕಟ್ಟೆಯ ಕಲ್ಲು ಇದೆ. ಇವತ್ತಿಗೂ ಆ ಊರಿನ ಹೆಣ್ಣುಮಗಳು ತನ್ನ ದುಡಿಮೆಯಲ್ಲಿ ಮೊದಲ ಚಿನ್ನದ ನಾಣ್ಯ ಕೊಂಡ ದಿನ, ಆರೆಳೆಯ ದಾರ ಹೊಸೆದು ತಂದು ಆ ಕಲ್ಲಿನ ಮೇಲೆ ಇಡುತ್ತಾಳೆ. ಜೊತೆಗೆ ಬಂದ ಹೆಂಗಸರೆಲ್ಲ ಉಸಿರು ಹಿಡಿದು ನಿಲ್ಲುತ್ತಾರೆ. ಅವಳು ಕಲ್ಲಿಗೆ ಬಾಗಿ ಒಮ್ಮೆ ಹೇಳುತ್ತಾಳೆ, ಕಾಯುತ್ತಾಳೆ, ಮತ್ತೊಮ್ಮೆ ಹೇಳುತ್ತಾಳೆ:

“ತುಳಜವ್ವಾ, ನಿನ್ನ ದಾರ ತಂದೀನಿ. ತಗೋ ಅವ್ವಾ.”