ಮುನ್ನೂರು ಅಂಗಿಗಳ ಜ್ಞಾನೋಬಪ್ಪ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಕೇಳಬೇಡಿ, ಹೊಳೆಯ ದಂಡೆಯ ಮೇಲೆ ಕಡೇಕೊಪ್ಪ ಅಂತ ಒಂದು ಊರಿತ್ತು. ಆ ಊರಲ್ಲಿ ಜ್ಞಾನೋಬಪ್ಪ ಅಂತ ಒಬ್ಬ ಸಿಂಪಿಗ ಇದ್ದ. ಸಿಂಪಿಗ ಅಂದರೆ ಬಟ್ಟೆ ಹೊಲಿಯುವವನು. ಮನುಷ್ಯನನ್ನು ಒಮ್ಮೆ ನೋಡಿದರೆ ಸಾಕು, ಎದೆ ಇಷ್ಟು, ತೋಳು ಇಷ್ಟು ಎಂದು ಹೇಳಿಬಿಡುತ್ತಿದ್ದನಂತೆ. ಬಾಗಿಲಲ್ಲಿ ಕೆಮ್ಮಿದ ಸದ್ದು ಕೇಳಿಯೇ ಅಳತೆ ಹೇಳುತ್ತಿದ್ದ ಅಂತಲೂ ಕೆಲವರು ಅಂತಾರೆ. ಅದು ಕೊಂಚ ಹೆಚ್ಚಾಯಿತು ಅನ್ನಿ. ಆದರೂ ಹಾಗೆ ಅಂತಾರೆ.

ಆ ಊರಿಗೊಂದು ಹಾಡಿತ್ತು. ಹಾಡಿ ಮುಗಿಸಲು ಮೂರು ದಿನ ಬೇಕಾಗುವಷ್ಟು ಉದ್ದದ ಹಾಡು. ರಾಜ್ಯ ಕಳೆದುಕೊಂಡ ಒಬ್ಬ ರಾಣಿ ಮುನ್ನೂರು ಜನರನ್ನು ಕಟ್ಟಿಕೊಂಡು ಹೊಳೆಯ ದಂಡೆಗೆ ಓಡಿ ಬಂದಳು. ಬೆನ್ನ ಹಿಂದೆ ವೈರಿಯ ದಂಡು. ಆಗ ಕಡೇಕೊಪ್ಪದವರು ತಮ್ಮ ಬಟ್ಟೆಗಳನ್ನೇ ಅವರಿಗೆಲ್ಲ ಉಡಿಸಿದರು. ದಂಡು ಬಂದು ನೋಡಿದರೆ ರಾಣಿ ಯಾರು, ರೈತ ಯಾರು ಗೊತ್ತಾಗಲಿಲ್ಲ. ಬಂದ ದಾರಿಗೆ ಸುಂಕವಿಲ್ಲದೆ ಹೋಯಿತು. ಇದು ಆ ಹಾಡಿನ ಕತೆ. ಅದನ್ನು ಪೂರ್ತಿಯಾಗಿ ಹಾಡಬಲ್ಲವಳು ಒಬ್ಬಳೇ, ಬಾಳವ್ವ. ಆಗಲೇ ಅವಳಿಗೆ ತಲೆಯೆಲ್ಲ ಬೆಳ್ಳಗಾಗಿತ್ತು.

ಒಂದು ದಿನ ಊರಿಗೆ ಜೀಪು ಬಂತು. ಅದರಿಂದ ವಾಮನರಾಯರು ಅಂತ ಒಬ್ಬರು ಇಳಿದರು. ಅವರು ಸಿನಿಮಾ ಮಾಡುವವರು. ಬಾಳವ್ವನ ಹಾಡನ್ನು ಮೂರು ದಿನ ಕೂತು ಕೇಳಿ, ಕಣ್ಣೊರೆಸಿಕೊಂಡು, ಇದನ್ನು ಸಿನಿಮಾ ಮಾಡುತ್ತೇನೆ ಎಂದರು. ಅದೂ ಎಂಥ ಸಿನಿಮಾ! ಬೇರೆ ಕಡೆಯಿಂದ ಒಬ್ಬ ನಟನೂ ಬೇಡ, ಊರಿನವರೇ ಮುನ್ನೂರು ಜನ ಆಡಬೇಕು, ಒಬ್ಬೊಬ್ಬರೂ ತಮ್ಮ ಮುತ್ತಜ್ಜನೋ ಮುತ್ತಜ್ಜಿಯೋ ಆಗಬೇಕು. ಎಲ್ಲರ ಹೆಸರು ಬರೆದುಕೊಂಡರು. ಬಾಳವ್ವನಿಗೆ ರಾಣಿಯ ದಾಯಿಯ ಪಾತ್ರ. ದಾಯಿ ಅಂದರೆ ರಾಣಿಯನ್ನು ಎತ್ತಿ ಆಡಿಸಿ ಸಾಕಿದವಳು. ಬಟ್ಟೆ ಹೊಲಿಯುವ ಕೆಲಸ ಜ್ಞಾನೋಬಪ್ಪನದು. ವಾಮನರಾಯರು ಬಟ್ಟೆಯ ಥಾನುಗಳನ್ನು ಇಳಿಸಿ, ಸುಗ್ಗಿ ಮುಗಿದ ಮೇಲೆ ಬರುತ್ತೇನೆ ಎಂದು ಹೋದರು.

ಜ್ಞಾನೋಬಪ್ಪ ಹೊಲಿದ. ಬೆಳಕು ಹರಿದರೆ ಮಷೀನು ತುಳಿದ, ಹೊತ್ತು ಮುಳುಗಿದರೆ ಬಿಟ್ಟ. ಹೆಂಡತಿ ಸಾವಂತ್ರೆವ್ವ ಗುಂಡಿ ಹಚ್ಚಿದಳು. ಬಣ್ಣಕ್ಕೆ ದಾಳಿಂಬೆ ಸಿಪ್ಪೆ ಕುದಿಸಿದರು. ಮುನ್ನೂರು ಅಂಗಿ, ಕುಪ್ಪಸ, ನಿಲುವಂಗಿ. ಒಂದರಂತೆ ಇನ್ನೊಂದಿಲ್ಲ ಅಂತಾರೆ. ಪ್ರತಿಯೊಂದರ ಒಳಮಡಿಕೆಯಲ್ಲೂ ಅದರವರ ಹೆಸರು ಹೊಲಿದಿದ್ದ.

ಸುಗ್ಗಿ ಮುಗಿಯಿತು. ಜೀಪು ಬರಲಿಲ್ಲ. ಅಂಚೆಯ ಮಾನಪ್ಪ ಒಂದು ಕಾರ್ಡು ತಂದುಕೊಟ್ಟ. ಕಾರ್ಡು ಅಂದರೆ ಲಕೋಟೆ ಇಲ್ಲದ ಕಾಗದ, ಬರೆದದ್ದು ಮೇಲೆಯೇ ಕಾಣುತ್ತದೆ. ಜ್ಞಾನೋಬಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಸಿನಿಮಾ ಇಲ್ಲ, ಹಣ ಹಾಕುವವರು ಕೈಬಿಟ್ಟರು, ಊರಿಗೆ ಮುಖ ತೋರಿಸಲಾರೆ, ನೀವೇ ಎಲ್ಲರಿಗೂ ಹೇಳಿಬಿಡಿ ಎಂದು ವಾಮನರಾಯರು ಬರೆದಿದ್ದರು.

ಹೇಳೋಣ ಎಂದೇ ಜ್ಞಾನೋಬಪ್ಪ ಎದ್ದ. ಮೊದಲು ಬಾಳವ್ವನ ಮನೆಗೆ ಹೋದ. ಅವಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಆ ವರ್ಷ ಅವಳು ಜ್ವರ ಬಂದು ಸತ್ತು ಬದುಕಿದ್ದಳು.

"ಬಾರೊ ಜ್ಞಾನೋಬಾ," ಅಂದಳು. "ಯಮ ಬಂದಿದ್ದ. ಸಿನಿಮಾದಾಗ ನಂದೊಂದು ಪಾರ್ಟ್ ಐತಿ, ಅದು ಮುಗೀಲಿ, ಆಮ್ಯಾಲ ಬಾ ಅಂತ ಹೇಳಿ ಕಳಿಸೀನಿ."

ಕಾರ್ಡು ಜ್ಞಾನೋಬಪ್ಪನ ಅಂಗಿಯ ಒಳಜೇಬಿನಲ್ಲಿತ್ತು. ಸಿನಿಮಾ ಇಲ್ಲ ಎಂದರೆ ಈ ಮುದುಕಿ ಯಮನಿಗೆ ಏನು ನೆವ ಹೇಳುತ್ತಾಳೆ? ಇದು ಅವನಿಗೆ ಹೊಳೆದ ಪ್ರಶ್ನೆ. ನೀವು ನಗಬಹುದು. ಅವನಿಗೆ ನಗು ಬರಲಿಲ್ಲ.

"ಅಳತಿ ತಗೊಳ್ಳಾಕ ಬಂದೆ ಅವ್ವಾ," ಅಂದ. "ಜ್ವರದಾಗ ಇಳಿದೀದಿ. ಕುಪ್ಪಸ ಸಡಲ ಆದೀತು."

ಅಂದಿನಿಂದ ಶುರುವಾಯಿತು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಜ್ಞಾನೋಬಪ್ಪ ಊರನ್ನೆಲ್ಲ ಕರೆಯುತ್ತಿದ್ದ. ಶೂಟಿಂಗ್ ಹತ್ತಿರ ಬಂತು, ಅಳತೆ ತಪ್ಪಬಾರದು ಎನ್ನುತ್ತಿದ್ದ. ಊರು ಬಂದು ಸಾಲು ನಿಲ್ಲುತ್ತಿತ್ತು. ಹೊಟ್ಟೆ ಬಂದವರಿಗೆ ಹೊಲಿಗೆ ಬಿಚ್ಚಿ ಅಗಲ ಮಾಡಿದ, ಸೊರಗಿದವರಿಗೆ ಒಳಗೆ ಮಡಚಿದ. ಬಸುರಿಯರ ಕುಪ್ಪಸಕ್ಕೆ ಪಟ್ಟಿ ಕೊಟ್ಟ, ಹೆತ್ತ ಮೇಲೆ ಪಟ್ಟಿ ತೆಗೆದ. ಯಾರಾದರೂ ತೀರಿಕೊಂಡರೆ ಅವರ ಅಂಗಿಯನ್ನು ಮಗನಿಗೋ ಸೊಸೆಗೋ ಸರಿಮಾಡಿದ.

"ಕಾಕಾ, ಈ ವರ್ಷನಾದ್ರೂ ಶೂಟಿಂಗ್ ಐತೇನು?" ಅಂತ ಹೆಂಗಸರು ಕೇಳುತ್ತಿದ್ದರು.

"ಬಂದಬಿಡ್ತಾರ. ನೀ ಉಸರ ಬಿಗಿ ಹಿಡೀಬ್ಯಾಡ, ಹೊಟ್ಟಿ ಇದ್ದಷ್ಟ ಇರಲಿ," ಅನ್ನುತ್ತಿದ್ದ.

ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಮನೆಗೆ ಹೋಗಿ ಊಟದ ಮುಂದೆ ಸುಮ್ಮನೆ ಕೂರುತ್ತಿದ್ದನಂತೆ. ಇಷ್ಟು ಜನರಿಗೆ ಸುಳ್ಳು ಹೇಳಿದ ನಾಲಿಗೆಗೆ ರೊಟ್ಟಿ ಯಾಕೆ ಎಂದು ಸಾವಂತ್ರೆವ್ವನ ಹತ್ತಿರ ಅಂದನಂತೆ. ಅವಳು ಇನ್ನೊಂದು ರೊಟ್ಟಿ ಹಾಕಿದಳಂತೆ.

ಹೀಗೆ ಹದಿನೆಂಟು ವರ್ಷ. ಇಪ್ಪತ್ತು ಅಂತಲೂ ಅಂತಾರೆ.

ಆಮೇಲೆ ಒಬ್ಬ ಹೆಣ್ಣುಮಗಳು ಕ್ಯಾಮೆರಾ ಹಿಡಿದು ಊರಿಗೆ ಬಂದಳು. ಹೆಸರು ಮೃಣಾಲಿನಿ. ವಾಮನರಾಯರು ತೀರಿಕೊಂಡಿದ್ದರು. ಅವರ ಪೆಟ್ಟಿಗೆಯಲ್ಲಿ ಮುನ್ನೂರು ಹೆಸರುಗಳ ಪಟ್ಟಿ ಅವಳಿಗೆ ಸಿಕ್ಕಿತ್ತು. ಆಗದೇ ಹೋದ ಆ ಸಿನಿಮಾದ ಬಗ್ಗೆ ಅವಳು ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಸಾಕ್ಷ್ಯಚಿತ್ರ ಅಂದರೆ ಕಟ್ಟಿದ ಕತೆಯಲ್ಲ, ಇದ್ದವರನ್ನು ಕೇಳಿ, ನಡೆದದ್ದನ್ನು ತೋರಿಸುವುದು. ಅಗಸಿಯ ಕಟ್ಟೆಯ ಮುಂದೆ ಊರೆಲ್ಲ ನೆರೆಯಿತು. ಅಗಸಿ ಅಂದರೆ ಊರ ಹೆಬ್ಬಾಗಿಲು. ಜ್ಞಾನೋಬಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ, ಸಿನಿಮಾ ನಿಂತುಹೋಯಿತು ಅಂತ ನಿಮಗೆ ಯಾವಾಗ ಗೊತ್ತಾಯಿತು ಎಂದು ಅವಳು ಕೇಳಿದಳು.

ಎದುರಿಗೇ ಬಾಳವ್ವ ಕೂತಿದ್ದಳು. ಹಲ್ಲು ಒಂದೂ ಇರಲಿಲ್ಲ, ವಯಸ್ಸು ನೂರು ದಾಟಿತ್ತು ಅಂತಾರೆ. ಜ್ಞಾನೋಬಪ್ಪ ಕುರ್ಚಿಯಿಂದ ಇಳಿದು ಅವಳ ಕಾಲ ಹತ್ತಿರ ಕೂತ.

"ತಪ್ಪಾತವ್ವಾ," ಅಂದ. "ಸಿನಿಮಾ ಇಲ್ಲ. ಮೊದಲನೇ ವರ್ಷನ ಕಾರ್ಡ ಬಂದಿತ್ತು. ನಾನ ಹೇಳಲಿಲ್ಲ. ಊರಿಗೆಲ್ಲ ಸುಳ್ಳ ಹೇಳೀನಿ."

ಮಾನಪ್ಪ ನೆಲ ನೋಡಿದ. ಆಮೇಲೆ ಬಾಳವ್ವ ನಕ್ಕಳು.

"ಲೇ ಹುಚ್ಚಾ, ಆ ಕಾರ್ಡ ಈ ಮಾನಪ್ಪ ಇದ ಕಟ್ಟಿ ಮ್ಯಾಲ ಕುಂತು ಊರಿಗೆಲ್ಲ ಓದಿ ಹೇಳಿದ ಮ್ಯಾಲನ ನಿನ್ನ ಮನಿಗೆ ತಂದಾನ. ಎಲ್ಲಾರ ಕಾರ್ಡೂ ಹಂಗ ಓದತಾನ. ನಿಂದೇನ ಬ್ಯಾರೇನು?"

ಜ್ಞಾನೋಬಪ್ಪನಿಗೆ ನಂಬಲಾಗಲಿಲ್ಲ. ಊರಿನ ಎಲ್ಲರ ಕಾರ್ಡುಗಳನ್ನೂ ಕಟ್ಟೆಯ ಮೇಲೆ ಕೂತು ಕೇಳಿದವನು ಅವನೇ. ತನ್ನದನ್ನೂ ಹಾಗೆಯೇ ಓದಿರುತ್ತಾರೆ ಎಂದು ಮಾತ್ರ ಇಷ್ಟು ವರ್ಷ ಹೊಳೆದಿರಲಿಲ್ಲ.

"ಮತ್ತ ವರ್ಷಾ ವರ್ಷಾ ಬಂದು ಅಳತಿ ಯಾಕ ಕೊಟ್ಟ್ರಿ?"

"ಮುನ್ನೂರ ಅಂಗಿ ಹೊಲದಾಂವ ಕರದ್ರ ಬರೂದಿಲ್ಲೇನು? ಹೇಳಿದ್ರ ನೀ ಮಷೀನ ಬಿಟ್ಟ ಎದ್ದಬಿಡತಿದ್ದಿ. ಆಮ್ಯಾಲ ನಿನ್ನ ಎತ್ತಿ ಕೂಡ್ರಸಾವರ ಯಾರು?"

ಅವನು ಮುದುಕಿಗಾಗಿ ಮುಚ್ಚಿಟ್ಟಿದ್ದ, ಊರು ಅವನಿಗಾಗಿ ಮುಚ್ಚಿಟ್ಟಿತ್ತು. ಬಿಡಿಸಿ ಹೇಳಬೇಕೆಂದರೆ ಇಷ್ಟೇ. ಜ್ಞಾನೋಬಪ್ಪ ಮಗುವಿನಂತೆ ಅತ್ತ ಅಂತಾರೆ.

ಆಗ ಊರಿನವರು ಆ ಬಟ್ಟೆಗಳನ್ನಿಟ್ಟಿದ್ದ ಟ್ರಂಕುಗಳನ್ನು ತೆಗೆದರು. ಮುನ್ನೂರು ಜನ ತಮ್ಮ ತಮ್ಮ ಬಟ್ಟೆ ತೊಟ್ಟು ಹೊಳೆಯ ದಂಡೆಗೆ ಹೋದರು. ಒಂದಾದರೂ ಬಿಗಿಯಾಗಲಿಲ್ಲ, ಒಂದಾದರೂ ಸಡಿಲಾಗಲಿಲ್ಲ. ಬಾಳವ್ವ ಹಾಡಿದಳು, ಮೃಣಾಲಿನಿ ಕ್ಯಾಮೆರಾ ಹಿಡಿದಳು. ರಾಣಿಗೆ ಊರಿನವರು ಬಟ್ಟೆ ಉಡಿಸುವ ಘಟ್ಟ ಬಂತು. ಅಷ್ಟರಲ್ಲಿ ರಾಣಿಯಾದ ಹುಡುಗಿಯ ಕುಪ್ಪಸದ ತೋಳು ಜಾಲಿಮುಳ್ಳಿಗೆ ಸಿಕ್ಕಿ ಹರಿಯಿತು. ಜ್ಞಾನೋಬಪ್ಪ ಎದ್ದ, ಕೊರಳಪಟ್ಟಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದ. ಕಣ್ಣು ಮಂಜಾಗಿತ್ತು. ದಾರ ಸೂಜಿಗೆ ಹೋಗಲಿಲ್ಲ. ಮತ್ತೆ ನೆಕ್ಕಿ ಹಿಡಿದ, ಮತ್ತೆ ಹೋಗಲಿಲ್ಲ. ಪಕ್ಕದಲ್ಲಿದ್ದವನೊಬ್ಬ ಪೋಣಿಸಿಕೊಡಲು ಕೈ ಚಾಚಿದ. ಬಾಳವ್ವ ಕಣ್ಣಲ್ಲೇ ಬೇಡ ಎಂದಳು. ಹಾಡು ನಿಲ್ಲಿಸಿದಳು. ಮುನ್ನೂರು ಜನ ಸುಮ್ಮನೆ ನಿಂತರು. ಹೊಳೆಯ ಸದ್ದೊಂದೇ. ಕೊನೆಗೆ ದಾರ ಹೋಯಿತು. ಅವನು ತೋಳು ಹೊಲಿದು, ಹಲ್ಲಿನಿಂದ ದಾರ ಕಡಿದು, "ಹಾಡವ್ವಾ," ಅಂದ. ಅವಳು ಮುಂದೆ ಹಾಡಿದಳು.

ಬಾಳವ್ವ ಅದೇ ವರ್ಷ ಹೋದಳು. ಜ್ಞಾನೋಬಪ್ಪ ಕೆಲವು ವರ್ಷಗಳ ಮೇಲೆ ಹೋದ. ಹಾಡು ಈಗ ಊರಿನ ಬಹಳ ಹೆಂಗಸರಿಗೆ ಬರುತ್ತದೆ. ಸುಗ್ಗಿ ಮುಗಿದ ಮೇಲೆ ದಂಡೆಗೆ ಹೋಗಿ ಹಾಡುತ್ತಾರೆ. ಬಟ್ಟೆ ಉಡಿಸುವ ಘಟ್ಟ ಬಂದಾಗ ಈಗಲೂ ಹಾಡು ನಿಲ್ಲಿಸುತ್ತಾರೆ. ಹೊಸದಾಗಿ ಬಂದ ಸೊಸೆಯರು, ಮರೆತರೇನೋ ಎಂದು ಮುಂದಿನ ಸಾಲು ಎತ್ತಿಕೊಡಲು ಹೋದರೆ, ಪಕ್ಕದವರು ಮೆಲ್ಲಗೆ ಕೈ ಹಿಡಿಯುತ್ತಾರೆ. ಕಣ್ಣು ಮಂಜಾದ ಮುದುಕನೊಬ್ಬ ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಎಲ್ಲರೂ ಸುಮ್ಮನೆ ಕಾಯುತ್ತಾರೆ.