ಗಾಳಿ ಊಟಕ್ಕೆ ಕೂತ ಹೊತ್ತು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳು ಕೂರಲು ಜಾಗ ಹುಡುಕುತ್ತಿದ್ದವು. ಏಡಿಗೆ ಅಡ್ಡಡ್ಡ ನಡೆಯುವುದು ಇನ್ನೂ ಸರಿಯಾಗಿ ಅಭ್ಯಾಸವಾಗಿರಲಿಲ್ಲ. ಆಗ ನಮ್ಮ ಈ ಕಡಲ ತೀರದಲ್ಲಿ ಇಬ್ಬರು ಮಕ್ಕಳಿದ್ದರು. ಅಕ್ಕ ಕಡಲಗಾಳಿ, ತಮ್ಮ ನೆಲಗಾಳಿ.

ಅವರ ಅಪ್ಪ ಸೂರ್ಯ. ಬೆಳಗಾಯಿತೆಂದರೆ ಕೆಲಸಕ್ಕೆ ಹೊರಟುಬಿಡುತ್ತಿದ್ದ. ಅಮ್ಮ ಮಳೆಮೋಡ. ಅವಳು ಬರುತ್ತಿದ್ದುದು ಮಳೆಗಾಲಕ್ಕೆ ಮಾತ್ರ. ಹಾಗಾಗಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ದಂಡೆಯಜ್ಜಿಯ ಪಾಲಿಗೆ ಬಂತು. ದಂಡೆಯಜ್ಜಿ ಅಂದರೆ ಬೇರೆ ಯಾರೂ ಅಲ್ಲ, ಉದ್ದಕ್ಕೆ ಕಾಲು ಚಾಚಿ ಮಲಗಿದೆಯಲ್ಲ, ಈ ಮರಳಿನ ದಂಡೆಯೇ.

ಒಬ್ಬೊಬ್ಬರೇ ಇದ್ದರೆ ಆ ಮಕ್ಕಳು ಬಂಗಾರ. ಅಕ್ಕ ಅಜ್ಜಿಯ ಬೆವರು ಒರೆಸುತ್ತಿದ್ದಳು. ತಮ್ಮ ಕಾಡಿನಿಂದ ಸುರಗಿ ಹೂವಿನ ಪರಿಮಳ ಹೊತ್ತು ತರುತ್ತಿದ್ದ. ಇಬ್ಬರೂ ಒಟ್ಟಿಗೆ ಸೇರಿದರೋ, ಮುಗಿಯಿತು. ನಿಮ್ಮಿಬ್ಬರ ಹಾಗೆಯೇ ಅಂದುಕೊಳ್ಳಿ ಮಕ್ಕಳೇ. ಇಲ್ಲ, ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ.

ಜಗಳ ಬಾರದಿರಲಿ ಎಂದು ಅಜ್ಜಿ ಎಲ್ಲವನ್ನೂ ಸರಿಸಮ ಮಾಡುತ್ತಿದ್ದಳು. ಅವಳಿಗೊಂದು ಕಪ್ಪೆಚಿಪ್ಪು, ಇವನಿಗೊಂದು ಕಪ್ಪೆಚಿಪ್ಪು. ಊಟಕ್ಕೂ ಒಂದೇ ಕಾಯಿಯನ್ನು ಒಡೆದು ಮಾಡಿದ ಎರಡು ಕರಟ. ಅನ್ನ ಬಡಿಸಿ, ಮೀನು ಸಾರು ಹಾಕಿ, ಬಗ್ಗಿ ನೋಡಿ, ಇದರಿಂದ ಒಂದಗುಳು ತೆಗೆದು ಅದಕ್ಕೆ ಹಾಕುತ್ತಿದ್ದಳು.

ಅಜ್ಜಿ ಅಳೆದಷ್ಟೂ ಮಕ್ಕಳು ಅಳೆಯುವುದನ್ನು ಕಲಿತರು. ತಂತಮ್ಮ ಕರಟ ಬಿಟ್ಟು ಇನ್ನೊಬ್ಬರ ಕರಟವನ್ನೇ ನೋಡುತ್ತಾ ಕೂರುತ್ತಿದ್ದರು. ಅನ್ನ ಆರಿ ತಣ್ಣಗಾಗುತ್ತಿತ್ತು.

"ಅಜ್ಜೀ, ಅವಳಿಗೆ ದೊಡ್ಡ ತುಂಡು ಹಾಕಿದೆ."

"ಅವನಿಗೆ ನಿನ್ನೆ ಹಾಕ್ಲಿಲ್ವ?"

"ಇಬ್ರೂ ನನಗೆ ಒಂದೇ ಅಲ್ವೇನ್ರೋ," ಅನ್ನುತ್ತಿದ್ದಳು ಅಜ್ಜಿ. ಆ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಒಂದು ಸಂಜೆ ಮೀನಿನ ತಲೆ ಯಾರಿಗೆ ಎಂದು ಶುರುವಾಯಿತು. ಅಕ್ಕ ತಮ್ಮನನ್ನು ತಳ್ಳಿದಳು. ತಮ್ಮ ಅಕ್ಕನ ಜಡೆ ಹಿಡಿದ. ಇಬ್ಬರೂ ಹೆಣೆದುಕೊಂಡು ಸುತ್ತತೊಡಗಿದರು, ಸುತ್ತುತ್ತಾ ಸುತ್ತುತ್ತಾ ನೀರಿಗೂ ಇಳಿದರು. ಮರಳು ಮೇಲೆದ್ದಿತು. ಎರಡು ಕರಟಗಳೂ ಹಾರಿ ಎಲ್ಲೋ ಹೋದವು.

ಅದೇ ಹೊತ್ತಿಗೆ ಬೊಮ್ಮ ಎಂಬ ಮೀನುಗಾರ ದೋಣಿ ತಿರುಗಿಸಿಕೊಂಡು ಮನೆಗೆ ಬರುತ್ತಿದ್ದ. ಸುಳಿಗಾಳಿಗೆ ಸಿಕ್ಕಿ ಅವನ ಹಾಯಿ ಹರಿಯಿತು. ದೋಣಿ ಬುಗುರಿಯಂತೆ ತಿರುಗಿತು. ದಡದಲ್ಲಿ ಅವನ ಹೆಂಡತಿ ಸುಕ್ರಿ, ಸೊಂಟದ ಮೇಲೆ ಕೂಸು ಇಟ್ಟುಕೊಂಡು ಓಡಿ ಬಂದಳು.

"ಅಜ್ಜಿ, ನಿನ್ನ ಮಕ್ಕಳಿಗೆ ಹೇಳೇ. ನನ್ನ ಗಂಡ ಅಲ್ಲಿದಾನೆ. ಕೂಸು ಇನ್ನೂ ಅಪ್ಪ ಅನ್ನೋಕೂ ಕಲೀಲಿಲ್ಲ."

"ಸಾಕು ಬಿಡ್ರೋ," ಎಂದು ಅಜ್ಜಿ ಕೂಗಿದಳು.

"ಮೊದಲು ಅವನಿಗೆ ಹೇಳು," ಎಂದಳು ಅಕ್ಕ.

"ಮೊದಲು ಅವಳಿಗೆ ಹೇಳು," ಎಂದ ತಮ್ಮ.

ದೋಣಿ ಒಂದು ಕಡೆಗೆ ವಾಲಿತು. ಸುಕ್ರಿ ಕೂಸನ್ನು ಎದೆಗವಚಿಕೊಂಡು ನೀರಿನಂಚಿಗೆ ಓಡಿದಳು. ಬೈದರೂ ಆಗಲಿಲ್ಲ, ಬೇಡಿಕೊಂಡರೂ ಆಗಲಿಲ್ಲ. ಅಜ್ಜಿಗೆ ಅಳು ಬಂತು. ಬಡಿಸಲು ಕರಟವೂ ಇಲ್ಲ. ಅನ್ನದ ಗಡಿಗೆ, ಮೀನು ಸಾರಿನ ಪಾತ್ರೆ ಇವೆರಡು ಮಾತ್ರ ಅವಳ ಮಡಿಲಲ್ಲಿ ಉಳಿದಿದ್ದವು.

ಅವಳು ಸಾರು, ಮೀನು ಎಲ್ಲವನ್ನೂ ಅನ್ನದ ಗಡಿಗೆಗೇ ಸುರಿದಳು. ಮುಳ್ಳು ತೆಗೆದು, ಕೈಯಿಂದ ಕಲಸಿದಳು. ಒಂದು ತುತ್ತು ಕಟ್ಟಿ ಕೈ ಚಾಚಿದಳು.

"ಆ ಮಾಡು."

ಹಸಿದ ಮಕ್ಕಳು ತಾನೆ. ಸುತ್ತುತ್ತಿದ್ದ ತಮ್ಮ ಹಾಗೇ ಬಾಯಿ ತೆರೆದ. ಬಾಯಿ ತುಂಬ ಅನ್ನ ಇದ್ದರೆ ಊದುವುದು ಹೇಗೆ? ಅವನು ನಿಂತ. ತಮ್ಮ ನಿಂತನಲ್ಲ ಎಂದು ಅಕ್ಕ ತಿರುಗಿ ನೋಡುವಷ್ಟರಲ್ಲಿ ಅವಳ ಬಾಯಿಗೂ ತುತ್ತು ಬಿತ್ತು. ಅವಳೂ ನಿಂತಳು.

ಕಡಲು ಎಣ್ಣೆ ಸವರಿದಂತಾಯಿತು. ದೋಣಿ ತಿರುಗುವುದು ನಿಂತಿತು. ಬೊಮ್ಮ ಹುಟ್ಟು ಕೈಗೆತ್ತಿಕೊಂಡ.

ಅಜ್ಜಿ ತುತ್ತಿನ ಮೇಲೆ ತುತ್ತು ಕೊಟ್ಟಳು. ಈ ಸಲ ಅಳೆಯಲಿಲ್ಲ. ಹಗಲೆಲ್ಲ ಓಡಿ ದಣಿದ ಅಕ್ಕನಿಗೆ ದೊಡ್ಡ ತುತ್ತು. ಚಿಕ್ಕ ಬಾಯಿಯ ತಮ್ಮನಿಗೆ ಚಿಕ್ಕ ತುತ್ತು, ಆದರೆ ಮೆತ್ತಗಿನ ಮೀನು ಇದ್ದದ್ದು. ಒಂದೇ ಗಡಿಗೆ, ಒಂದೇ ಕೈ. ಯಾರ ಪಾಲು ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು ಎಂದು ನೋಡಲು ಅಲ್ಲಿ ಏನೂ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಅಜ್ಜಿಯ ಕೈಯನ್ನೇ ನೋಡುತ್ತಿದ್ದರು.

ಗಡಿಗೆಯ ತಳದಲ್ಲಿ ಕೊನೆಯ ತುತ್ತು ಉಳಿಯಿತು. ಅಜ್ಜಿಯ ಕೈ ನಡುವೆ ನಿಂತಿತು. ಸುಕ್ರಿ ಉಸಿರು ಹಿಡಿದಳು, ದೋಣಿ ಇನ್ನೂ ದಡ ಮುಟ್ಟಿರಲಿಲ್ಲ.

"ಅವನಿಗೆ ಕೊಡು ಅಜ್ಜಿ," ಎಂದಳು ಅಕ್ಕ. "ಅವನಿಗೆ ಇನ್ನೂ ಹಸಿವೆ ಇದೆ."

ತಮ್ಮ ಆ ತುತ್ತು ಅಗಿದು ಮುಗಿಸುವಷ್ಟರಲ್ಲಿ ದೋಣಿ ಮರಳಿಗೆ ತಾಗಿತು. ಬೊಮ್ಮ ಇಳಿದು ಬಂದು ಕೂಸನ್ನು ಎತ್ತಿಕೊಂಡ. ದಂಡೆಯಜ್ಜಿ ಸೆರಗಿನಿಂದ ಮಕ್ಕಳ ಬಾಯಿ ಒರೆಸಿದಳು, ತನ್ನ ಕಣ್ಣನ್ನೂ ಒರೆಸಿಕೊಂಡಳು.

ಅಂದಿನಿಂದ ಅಜ್ಜಿಯ ಕಟ್ಟಳೆಯಂತೆ ಹಗಲು ಅಕ್ಕನದು, ರಾತ್ರಿ ತಮ್ಮನದು. ಅವಳು ದೋಣಿಗಳನ್ನು ಮನೆಗೆ ಕರೆತರುತ್ತಾಳೆ, ಅವನು ಬೆಳಗಿನ ಜಾವ ಕಡಲಿಗೆ ಕಳಿಸಿಕೊಡುತ್ತಾನೆ. ಒಬ್ಬರು ಬಂದು ಇನ್ನೊಬ್ಬರು ಹೊರಡುವ ಮುಂಚೆ, ಸಂಜೆ ಒಮ್ಮೆ ಬೆಳಿಗ್ಗೆ ಒಮ್ಮೆ, ಇಬ್ಬರೂ ಅಜ್ಜಿಯ ಮುಂದೆ ಕೂತು ಉಣ್ಣುತ್ತಾರೆ. ಮಳೆಗಾಲದಲ್ಲಿ ಅಮ್ಮ ಬಂದಾಗ ಮಾತ್ರ ಈ ಕಟ್ಟಳೆ ಇಲ್ಲ. ಆಗ ಅವರನ್ನು ಹಿಡಿಯುವವರು ಯಾರು?

ಈ ಕಥೆಯನ್ನು ನನ್ನ ಅಜ್ಜಿ ಇದೇ ಜಗಲಿಯಲ್ಲಿ ಹೇಳುತ್ತಿದ್ದಳು, ನನಗೂ ನನ್ನ ತಮ್ಮ ಗಣಪುಗೂ ಒಂದೇ ಪಾತ್ರೆಯಿಂದ ತುತ್ತು ಕೊಡುತ್ತಾ. ಅವಳ ಬೆರಳಿಗೆ ಬೆಳ್ಳುಳ್ಳಿಯ ವಾಸನೆ ಇರುತ್ತಿತ್ತು. ಈಗ ಗಣಪು ನನಗೆ ಸಿಗುವುದು ಮದುವೆಮನೆಗಳಲ್ಲಿ. ಪಕ್ಕದಲ್ಲೇ ಕೂರುತ್ತೇವೆ, ಅವನ ಎಲೆ ಅವನಿಗೆ, ನನ್ನ ಎಲೆ ನನಗೆ. ಹೋಳಿಗೆ ಬಂದರೆ ಅವನು ತನ್ನದನ್ನು ಮುರಿದು ನನ್ನ ಎಲೆಗೆ ಹಾಕುತ್ತಾನೆ. ನಾನು ಅದನ್ನೇ ಮೊದಲು ತಿನ್ನುತ್ತೇನೆ.

ಬನ್ನಿ, ಇಬ್ಬರೂ ಹತ್ತಿರ ಕೂರಿ. ತಟ್ಟೆ ಬೇಡ, ಒಳಗಿಡಿ. ಹೊರಗೆ ನೋಡಿ, ತೆಂಗಿನ ಗರಿ ಒಂದೂ ಅಲ್ಲಾಡುತ್ತಿಲ್ಲ. ಹೊತ್ತು ಮುಳುಗುವಾಗ ಕಡಲ ತೀರದಲ್ಲಿ ಗಾಳಿ ಹೀಗೆ ನಿಂತುಬಿಡುವುದು ಯಾಕೆಂದರೆ, ಆಗ ಅಕ್ಕತಮ್ಮ ಇಬ್ಬರ ಬಾಯಲ್ಲೂ ಅಜ್ಜಿ ಕೊಟ್ಟ ತುತ್ತು ಇರುತ್ತದೆ.